ಜಪಾನಿನಿಂದ ಬಂದ ಹಳೆಯ ಡೀಸೆಲ್ ಗಾಡಿ: ಮೂರರಲ್ಲಿ ಯಾವುದು?

ಪ್ರಶ್ನೆ: ನಾವು ಸಾಗರದ ಕಡೆಯವರು, ಈಗ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿದ್ದೇವೆ. ರಜೆಯಲ್ಲಿ ಬೆಟ್ಟ, ಕಡಲತೀರ ತಿರುಗಲು, ಚಿಕ್ಕ ಟ್ರೇಲರ್ ಎಳೆಯಲು ಜಪಾನಿನಿಂದ ಬಂದ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಕೊಳ್ಳಬೇಕೆಂದಿದೆ. ಮೂರು ಗಾಡಿ ನೋಡಿದೆವು: 1996ರ ಟೊಯೋಟಾ ಹೈಲಕ್ಸ್ ಸರ್ಫ್ 3.0, 1997ರ ಮಿತ್ಸುಬಿಷಿ ಪಜೇರೊ 2.8, 1999ರ ಇಸುಜು ಬಿಗ್‌ಹಾರ್ನ್ 3.0. ಸರ್ಫ್ 2004ರಲ್ಲಿ ಈ ದೇಶಕ್ಕೆ ಬಂದಿದೆ, ಮೀಟರಿನಲ್ಲಿ 2,31,000 ಕಿ.ಮೀ. ಇದೆ. ಅದರ ಟೈಮಿಂಗ್ ಬೆಲ್ಟ್ 2014ರಲ್ಲಿ ಬದಲಾಗಿದೆ ಎಂದು ಮಾರುವವರು ಎಂಜಿನ್ ಮೇಲಿನ ಜಪಾನಿ ಚೀಟಿ ತೋರಿಸಿದರು. ಯಾವುದನ್ನು ನಂಬಬಹುದು? ಮಳೆಯಲ್ಲಿ ಹೆದ್ದಾರಿಯ ಮೇಲೆ ನಾಲ್ಕೂ ಚಕ್ರ ಹಾಕಿಕೊಂಡೇ ಓಡಿಸಬಹುದೇ?

ಉತ್ತರ: ಇಷ್ಟೊಂದು ಡೀಸೆಲ್ ಗಾಡಿಗಳನ್ನು ಜಪಾನಿನವರು ಏಕೆ ಹೊರಗೆ ಕಳಿಸಿದರು, ಏನೋ ದೋಷ ಇರಬೇಕಲ್ಲವೇ ಎಂಬ ಅನುಮಾನ ಬಹಳ ಜನರಿಗೆ ಬರುತ್ತದೆ. ಬರುವುದು ಸಹಜವೇ. ಕಾರಣ ಮಾತ್ರ ಗಾಡಿಯಲ್ಲಿರಲಿಲ್ಲ, ಕಾನೂನಿನಲ್ಲಿತ್ತು. 1999ರಲ್ಲಿ ಟೋಕಿಯೋ ರಾಜ್ಯಪಾಲ ಇಶಿಹಾರಾ ಶಿಂತಾರೊ ಡೀಸೆಲ್ ಹೊಗೆಯ ವಿರುದ್ಧ ದೊಡ್ಡ ಚಳವಳಿಯನ್ನೇ ಆರಂಭಿಸಿದರು. 2001ರಲ್ಲಿ ಬಿಗಿಯಾದ ರಾಷ್ಟ್ರೀಯ ಕಾನೂನಿನ ಪ್ರಕಾರ ಟೋಕಿಯೋ, ಒಸಾಕಾ, ನಗೋಯಾ ಸುತ್ತಮುತ್ತ ಹಳೆಯ ಡೀಸೆಲ್ ಗಾಡಿಗಳ ನೋಂದಣಿ ಮುಂದುವರಿಸುವುದು ಸಾಧ್ಯವಾಗದೆ ಹೋಯಿತು. ಚೆನ್ನಾಗಿ ಓಡುತ್ತಿದ್ದ ಗಾಡಿಗಳೂ ಹಾಗೆ ಹಡಗು ಹತ್ತಿದವು. ನ್ಯೂಜಿಲೆಂಡಿನಲ್ಲೂ ಸ್ಟಿಯರಿಂಗ್ ಬಲಗಡೆಗೇ ಇರುವುದರಿಂದ ಅವು ಅಲ್ಲಿ ಸಲೀಸಾಗಿ ನೆಲೆಯಾದವು. ಆಮದಾದ ಗಾಡಿ ಎಂಬ ಒಂದೇ ಕಾರಣಕ್ಕೆ ಹೆದರಬೇಡಿ.

ಇನ್ನು ನಿಮ್ಮ ಮೂರು ಗಾಡಿಗಳು. ಹೆಸರನ್ನು ಬದಿಗಿಟ್ಟು ಬಾನೆಟ್ ಕೆಳಗಿನ ಎಂಜಿನ್ ಯಾವುದೆಂದು ಮೊದಲು ನೋಡಿ. ಒಂದೇ ಹೆಸರಿನ ಗಾಡಿಯಲ್ಲಿ ಮೂರು ವರ್ಷ ಹಿಂದೆಮುಂದೆ ಆದರೆ ಬೇರೆಯೇ ಎಂಜಿನ್ ಇರಬಹುದು.

ಬಿಗ್‌ಹಾರ್ನ್ ವಿಷಯ ಬೇಗ ಮುಗಿಸುತ್ತೇನೆ. 1999ರ 3.0 ಲೀಟರ್ ಎಂದರೆ 4ಜೆಎಕ್ಸ್1 ಎಂಜಿನ್. ಅದರಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಎಂಜಿನ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುತ್ತವೆ. ಸೀಲು ಸವೆದರೆ ಆಯಿಲ್, ಡೀಸೆಲ್ ಎರಡೂ ಬೆರೆಯುತ್ತವೆ, ದುರಸ್ತಿಗೆ ಬಹಳ ದುಡ್ಡು ಬೇಕಾಗುತ್ತದೆ. ಇಸುಜು 2002ರಲ್ಲೇ ಬಿಗ್‌ಹಾರ್ನ್ ನಿಲ್ಲಿಸಿದೆ. ಅದೇ ಗಾಡಿಯ ಹಿಂದಿನ 3.1 ಲೀಟರಿನ 4ಜೆಜಿ2 ಆಗಿದ್ದರೆ ಯೋಚಿಸಬಹುದಿತ್ತು. ಇದನ್ನು ಬಿಡಿ.

ಸರ್ಫ್‌ನಲ್ಲಿರುವುದು 1ಕೆಜಡ್-ಟಿಇ, ಪಜೇರೊದಲ್ಲಿರುವುದು 4ಎಂ40. ನಮ್ಮೂರಿನಲ್ಲಿ ಎಸ್ಟೇಟ್ ಮಾಲೀಕರು ಓಡಿಸುತ್ತಿದ್ದ ಪಜೇರೊ ಎಸ್‌ಎಫ್‌ಎಕ್ಸ್ ನಿಮಗೆ ನೆನಪಿರಬಹುದು. ಹಿಂದೂಸ್ತಾನ್ ಮೋಟರ್ಸ್ ಜೋಡಿಸುತ್ತಿದ್ದ ಅದರಲ್ಲಿದ್ದುದೂ ಇದೇ ಕುಟುಂಬದ 2.8 ಎಂಜಿನ್. ಎರಡೂ ಗಟ್ಟಿಮುಟ್ಟಾದ ಹಳೆಯ ರೀತಿಯ ಎಂಜಿನ್‌ಗಳು. ಎರಡಕ್ಕೂ ಒಂದೇ ಶತ್ರು: ಅತಿಯಾದ ಬಿಸಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಈ ಎಂಜಿನ್‌ಗಳಲ್ಲಿ ಡೀಸೆಲ್ ಮೊದಲು ಹೆಡ್‌ನೊಳಗಿನ ಒಂದು ಪುಟ್ಟ ಗೂಡಿನಲ್ಲಿ ಹೊತ್ತಿಕೊಂಡು, ಆಮೇಲೆ ಪಿಸ್ಟನ್ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಹೆಡ್ ಬಹಳ ಬಿಸಿ ತಿನ್ನುತ್ತದೆ. ಟೊಯೋಟಾದ ಈ ಎಂಜಿನ್‌ನಲ್ಲಿ ಕೆಳಗಿನ ಬ್ಲಾಕ್ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದು, ಹಿಂದೆ ದೋಣಿಯ ಟ್ರೇಲರ್ ಇದ್ದು, ಬೆಟ್ಟ ಹತ್ತುವಾಗ ಒಂದೇ ಒಂದು ಸಲ ನೀರು ಕುದಿದರೂ ವಾಲ್ವ್‌ಗಳ ನಡುವೆ ಕೂದಲೆಳೆಯ ಬಿರುಕು ಬಿಡಬಹುದು. ಗಾಡಿ ಆಮೇಲೂ ಓಡುತ್ತದೆ. ನೀರು ಮಾತ್ರ ಎಲ್ಲೂ ಸೋರದೆ ಕಡಿಮೆಯಾಗುತ್ತ ಹೋಗುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಬೆಳಗಿನ ಹೊತ್ತು ಸಾಕು. ಮಾರುವವರಿಗೆ ಮುಂಚೆಯೇ ತಿಳಿಸಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ರೇಡಿಯೇಟರಿನ ಮೇಲಿನ ಪೈಪನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವತ್ತು ಪರೀಕ್ಷೆ ಬೇಡ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ಮಾತ್ರ ಮುಚ್ಚಳ ತೆಗೆಯಿರಿ, ಬಿಸಿ ಎಂಜಿನ್‌ನ ಮುಚ್ಚಳಕ್ಕೆ ಕೈ ಹಾಕಬಾರದು. ನೀರು ಬಾಯಿಮಟ್ಟ ಇರಬೇಕು, ಕೆಂಪು ಅಥವಾ ಹಸಿರು ಬಣ್ಣದಲ್ಲಿ ತಿಳಿಯಾಗಿರಬೇಕು. ಕೆಸರುನೀರಿನಂತೆ ಕಂದಾಗಿದ್ದರೆ ವರ್ಷಗಟ್ಟಲೆ ಬರೀ ನಲ್ಲಿ ನೀರು ಹಾಕಿದ್ದಾರೆ ಎಂದರ್ಥ.

ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗಿದ್ದ ಗಾಳಿ. ಅನ್ನ ಕುದಿಯುವಂತೆ ಸಣ್ಣ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ಮುಚ್ಚಳ ಹಾಕಿ ಒಂದೆರಡು ನಿಮಿಷ ಬಿಟ್ಟು ಮೇಲಿನ ಪೈಪನ್ನು ಹಿಸುಕಿ. ಎಂಜಿನ್ ಇನ್ನೂ ಬಿಸಿಯಾಗದಿರುವಾಗಲೇ ಪೈಪು ಕಲ್ಲಿನಂತೆ ಬಿಗಿದಿದ್ದರೆ ಅದೂ ಅದೇ ಕಥೆ. ಗುಳ್ಳೆ ಕಾಣಲಿಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ ಎಂದರೆ ಗ್ಯಾರೇಜಿನಲ್ಲಿ ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ನೋಡುತ್ತಾರೆ. ಎಂಜಿನ್ ಅನಿಲ ತಾಗಿದರೆ ದ್ರವದ ಬಣ್ಣ ಬದಲಾಗುತ್ತದೆ.

ಹೊಗೆಯನ್ನೂ ಗಮನಿಸಿ. ಹ್ಯಾಮಿಲ್ಟನ್‌ನ ಮಂಜಿನ ಬೆಳಗಿನಲ್ಲಿ ಕೆಲವು ಕ್ಷಣ ಬಿಳಿ ಹೊಗೆ ಬರುವುದು ತಪ್ಪಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ, ನೀಲಿಯಾದರೆ ಆಯಿಲ್. ಆಮೇಲೆ ಟೌರಂಗಾ ದಾರಿಯ ಕೈಮಾಯ್ ಬೆಟ್ಟ ಹತ್ತಿಸಿ, ಬಿಸಿಯ ಮುಳ್ಳು ನೋಡಿ. ಆ ಕಾಲದ ಹಲವು ಗಾಡಿಗಳ ಮುಳ್ಳು ನಡುವಿನಲ್ಲಿ ನಿಂತರೆ ಬಹಳ ಹೊತ್ತು ಅಲ್ಲಾಡುವುದಿಲ್ಲ, ಅಲ್ಲಾಡುವ ಹೊತ್ತಿಗೆ ತಡವಾಗಿರುತ್ತದೆ. ಏರಿನಲ್ಲಿ ಮುಳ್ಳು ಸ್ವಲ್ಪವೇ ಮೇಲೆ ಹೋದರೂ ಆ ಗಾಡಿ ಬೇಡ.

ಈಗ ಆ ಜಪಾನಿ ಚೀಟಿ. ಅದರ ಚಿತ್ರ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿರುವುದು 14 ಎಂಬ ವರ್ಷ ಮತ್ತು 96,000 ಕಿ.ಮೀ. ಜಪಾನಿನವರು ಇಂಥ ಚೀಟಿಗಳಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಬರೆಯುತ್ತಾರೆ, ನಮ್ಮಲ್ಲಿ ಶಕವರ್ಷ ಬರೆಯುವ ಹಾಗೆ. ಈ ಚೀಟಿಯ ಕಾಲಕ್ಕೆ ನಡೆಯುತ್ತಿದ್ದುದು ಹೆಯ್‌ಸೇ ಯುಗ, ಅದರ ಮೊದಲ ವರ್ಷ 1989. ಯುಗದ ವರ್ಷಕ್ಕೆ 1988 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 14 ಎಂದರೆ 2002. ಗಾಡಿ 2004ರಲ್ಲೇ ನ್ಯೂಜಿಲೆಂಡಿಗೆ ಬಂದಿರುವಾಗ 2014ರಲ್ಲಿ ಜಪಾನಿನ ಗ್ಯಾರೇಜು ಚೀಟಿ ಅಂಟಿಸುವುದು ಹೇಗೆ? ಮಾರುವವರು ಸುಳ್ಳು ಹೇಳಿದ್ದಾರೆಂದು ನಾನು ಹೇಳುವುದಿಲ್ಲ, ಈ ತಪ್ಪನ್ನು ಓದು ಬಲ್ಲವರೂ ಮಾಡುತ್ತಾರೆ.

ಆದರೆ ಇದರ ಅರ್ಥ ನೋಡಿ. ಆ ಮೇಲೆ ಬೇರೆ ರಸೀದಿ ಇಲ್ಲದಿದ್ದರೆ ಅದೇ ಬೆಲ್ಟ್ 1,35,000 ಕಿ.ಮೀ. ಓಡಿದೆ, ವಯಸ್ಸು ಇಪ್ಪತ್ತು ದಾಟಿದೆ. ಜಪಾನಿ ಸರ್ಫ್‌ನಲ್ಲಿ ಬೆಲ್ಟಿನ ಎಚ್ಚರಿಕೆಯ ದೀಪ ಹೊತ್ತುವುದೇ 1,00,000 ಕಿ.ಮೀ.ಗೆ. ಬೆಲ್ಟ್ ಬದಲಿಸದೆಯೂ ಆ ದೀಪವನ್ನು ಆರಿಸಲು ಬರುತ್ತದೆ, ಆದ್ದರಿಂದ ದೀಪ ಇಲ್ಲ ಎಂದು ಸಮಾಧಾನ ಪಡಬೇಡಿ. ಓಡುವಾಗ ಬೆಲ್ಟ್ ಕಡಿದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಪಜೇರೊದ 4ಎಂ40ನಲ್ಲಿ ಬೆಲ್ಟ್ ಬದಲು ಸರಪಳಿ ಇದೆ. ಅದಕ್ಕೆ ಅವಧಿಯ ಲೆಕ್ಕ ಇಲ್ಲ, ಆದರೆ ಸವೆದರೆ ತಣ್ಣನೆಯ ಸ್ಟಾರ್ಟ್‌ನಲ್ಲಿ ಎಂಜಿನ್ ಮುಂಭಾಗದಿಂದ ಕರಕರ ಕೇಳಿಸುತ್ತದೆ.

ನಾಲ್ಕೂ ಚಕ್ರದ ಪ್ರಶ್ನೆಗೆ ಬರೋಣ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ದಾರಿ ಸವೆಸುತ್ತವೆ. ಹಳೆಯ ಪಾರ್ಟ್-ಟೈಮ್, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಹಾಕುವ ಗಾಡಿಯಲ್ಲಿ 4ಎಚ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ಕೆಸರಿನಲ್ಲಿ, ಮರಳಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲಾರದೆ ಗೇರುಗಳು ಒಳಗೇ ಬಿಗಿದುಕೊಳ್ಳುತ್ತವೆ, ತಿರುಗಿಸಿದರೆ ಗಾಡಿ ಮುಗ್ಗರಿಸಿದಂತಾಗುತ್ತದೆ. ಮಲೆನಾಡಿನ ಜೀಪು ಓಡಿಸಿದವರಿಗೆ ಇದು ಗೊತ್ತು. ಪಜೇರೊದ ಸೂಪರ್ ಸೆಲೆಕ್ಟ್‌ನಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇರುವುದರಿಂದ ಮಳೆಯ ಹೆದ್ದಾರಿಯಲ್ಲೂ 4ಎಚ್ ಹಾಕಿಕೊಂಡು ಓಡಿಸಬಹುದು, ಅದನ್ನು ಲಾಕ್ ಮಾಡುವ ಸ್ಥಾನಕ್ಕೆ ಮಾತ್ರ ಹೋಗಬೇಡಿ. ಸರ್ಫ್‌ಗಳಲ್ಲಿ ಎರಡೂ ಬಗೆ ಬಂದಿವೆ. ನಿಮ್ಮದು ಪಾರ್ಟ್-ಟೈಮ್ ಆಗಿದ್ದರೆ ಡಾಂಬರಿನಲ್ಲಿ 2ಎಚ್‌ನಲ್ಲೇ, ಅಂದರೆ ಎರಡೇ ಚಕ್ರದಲ್ಲಿ ಇರಿ. ಯಾವ ಬಗೆಯಾದರೂ ನಾಲ್ಕು ಚಕ್ರ ಎಳೆಯಲು ಸಹಾಯ ಮಾಡುತ್ತದೆ, ಬ್ರೇಕ್ ಹಿಡಿಯುವುದಕ್ಕಲ್ಲ.

ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ಷಾಸಿ ನೋಡುವುದನ್ನು ಮರೆಯಬೇಡಿ, ಅದರಲ್ಲೂ ಹಿಂದಿನ ಆಕ್ಸಲ್ ಮೇಲಿನ ಭಾಗ. ಜಪಾನಿನ ಹಿಮದ ಊರುಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ನ್ಯೂಜಿಲೆಂಡಿನಲ್ಲಿ ದೋಣಿ ಇಳಿಸಲು ಗಾಡಿಯನ್ನೇ ಸಮುದ್ರದ ನೀರಿಗಿಳಿಸುತ್ತಾರೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ಡೀಸೆಲ್ ಅಗ್ಗ ಎಂದುಕೊಂಡಿದ್ದರೆ ಒಂದು ಲೆಕ್ಕ ಸೇರಿಸಿಕೊಳ್ಳಿ. ಅಲ್ಲಿ ಪೆಟ್ರೋಲಿಗೆ ರಸ್ತೆ ತೆರಿಗೆ ಪಂಪಿನಲ್ಲೇ ಸೇರಿರುತ್ತದೆ, ಡೀಸೆಲಿಗೆ ಓಡಿದ ದೂರಕ್ಕೆ ಬೇರೆಯಾಗಿ ಕಟ್ಟಬೇಕು. 2024ರಲ್ಲಿ ಇಂಥ ಗಾಡಿಗೆ 1,000 ಕಿ.ಮೀ.ಗೆ 76 ಡಾಲರ್ ಇತ್ತು. ಆ ತೆರಿಗೆ ಎಷ್ಟು ಕಿ.ಮೀ.ವರೆಗೆ ಕಟ್ಟಿದೆ ಎಂಬ ಅಂಕಿಯನ್ನು ಮೀಟರಿನ ಜೊತೆ ಹೋಲಿಸಿ, ಮೀಟರ್ ಮುಂದೆ ಹೋಗಿದ್ದರೆ ಬಾಕಿಯನ್ನು ಮಾರುವವರಿಂದಲೇ ಕಟ್ಟಿಸಿ. ಗಾಡಿಯ ಮೇಲೆ ಸಾಲ ಇದೆಯೇ ಎಂದು ಪಿಪಿಎಸ್‌ಆರ್ ದಾಖಲೆಯಲ್ಲಿ ಹುಡುಕಿ.

ನನ್ನ ಆಯ್ಕೆ ಪಜೇರೊ, ಮೇಲೆ ಹೇಳಿದ ಬೆಳಗಿನ ಪರೀಕ್ಷೆಯಲ್ಲಿ ಗೆದ್ದರೆ. ಸೋತರೆ ಸರ್ಫ್, ಅದಕ್ಕೂ ಅದೇ ಪರೀಕ್ಷೆ ಮಾಡಿ, ಬೆಲ್ಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು. ಎರಡೂ ಸೋತರೆ ಅವಸರಪಡದೆ ಟಿಡಿ27 ಎಂಜಿನ್‌ನ ನಿಸಾನ್ ಟೆರಾನೊ ಹುಡುಕಿ. ಬೆಟ್ಟದಲ್ಲಿ ಅದು ನಿಧಾನ, ಆದರೆ ಅದರಲ್ಲಿ ಬೆಲ್ಟೂ ಇಲ್ಲ, ಸರಪಳಿಯೂ ಇಲ್ಲ, ಗೇರಿನಿಂದ ಗೇರಿಗೆ ತಿರುಗುತ್ತದೆ. ಯಾವುದನ್ನೇ ಆರಿಸಿದರೂ ಮುಂಗಡ ಕೊಡುವ ಮೊದಲು ಆಟೊಮೊಬೈಲ್ ಅಸೋಸಿಯೇಷನ್‌ನವರಿಂದಲೋ, ಹಳೆಯ ಡೀಸೆಲ್ ಬಲ್ಲ ಮೆಕ್ಯಾನಿಕ್‌ನಿಂದಲೋ ಒಮ್ಮೆ ತಪಾಸಣೆ ಮಾಡಿಸಿ. ಪಜೇರೊದ ರೇಡಿಯೇಟರ್ ಮುಚ್ಚಳ ತೆಗೆದಾಗ ಏನು ಕಂಡಿತೆಂದು ಬರೆದು ತಿಳಿಸಿ, ಕಾಯುತ್ತಿರುತ್ತೇನೆ.