ಹಗರಣ ಮತ್ತು ದೂರದರ್ಶನದ ಗೀತವೈವಿಧ್ಯ: ಅಂಕೋಲೆಯ ನೆಲೆಯಿಂದ ಒಂದು ಟಿಪ್ಪಣಿ

ಹಾಡು, ಕುಣಿತ, ಹಾಸ್ಯ, ಅನುಕರಣೆಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ವೈವಿಧ್ಯ ಕಾರ್ಯಕ್ರಮವನ್ನು ದೂರದರ್ಶನ ಮಾಧ್ಯಮದ ಸ್ವಂತ ಸೃಷ್ಟಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಾರವಾರ–ಅಂಕೋಲಾ ಪರಿಸರದ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಹಿನ್ನೆಲೆಯಲ್ಲಿ ಈ ಗ್ರಹಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ವೈವಿಧ್ಯ ಕಾರ್ಯಕ್ರಮವು ಮೂಲತಃ ರಂಗದ ಕೂಸು. ಅಮೆರಿಕದಲ್ಲಿ 1948ರಿಂದ 1971ರವರೆಗೆ ಪ್ರಸಾರವಾದ ಎಡ್ ಸಲಿವನ್ ಕಾರ್ಯಕ್ರಮವು ವಾಡೆವಿಲ್ ರಂಗಭೂಮಿಯ ಕ್ರಮವನ್ನೇ ಸ್ಟುಡಿಯೋಕ್ಕೆ ತಂದಿತು. ಬ್ರಿಟನ್ನಿನಲ್ಲಿ ಮ್ಯೂಸಿಕ್ ಹಾಲ್ ಪರಂಪರೆ ಇದೇ ಪಾತ್ರ ವಹಿಸಿತು. ಕರ್ನಾಟಕದಲ್ಲಿ ಹೀಗಾಗಲಿಲ್ಲ. 1975–76ರ ಉಪಗ್ರಹ ಬೋಧನಾ ಪ್ರಯೋಗ ತಲುಪಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕರಾವಳಿ ಅದರ ವ್ಯಾಪ್ತಿಯಲ್ಲಿರಲಿಲ್ಲ. 1981ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದ ಮೇಲೆ ಕನ್ನಡದ ಮನೆಗಳಲ್ಲಿ ಜನಪ್ರಿಯವಾದ ಗೀತವೈವಿಧ್ಯವೆಂದರೆ ಹಿಂದಿಯ ‘ಚಿತ್ರಹಾರ’ ಮತ್ತು ಕನ್ನಡದ ‘ಚಿತ್ರಮಂಜರಿ’. ಸಿದ್ಧವಾಗಿ ದೊರೆಯುತ್ತಿದ್ದ ಚಲನಚಿತ್ರಗೀತೆಗಳ ತುಣುಕುಗಳೇ ಇಲ್ಲಿನ ಸಾಮಗ್ರಿ. ಅಂದರೆ ನಮ್ಮ ದೂರದರ್ಶನದ ವೈವಿಧ್ಯವು ನೆಲದ ರಂಗವನ್ನು ಬಿಟ್ಟು ಸಿನಿಮಾವನ್ನು ಆಶ್ರಯಿಸಿತು.

ಆದರೆ ವೈವಿಧ್ಯದ ರಂಗ ಅಂಕೋಲೆಯಲ್ಲಿ ಇದ್ದೇ ಇತ್ತು. ಫಾಲ್ಗುಣದ ಸುಗ್ಗಿಯಲ್ಲಿ ತುರಾಯಿ ಧರಿಸಿದ ಕುಣಿತಗಾರರು ಗುಮಟೆ, ಜಾಗಟೆಗಳೊಡನೆ ಮನೆಮನೆಗೆ ತೆರಳುತ್ತಾರೆ. ಸುಗ್ಗಿಯ ಕೊನೆಯಲ್ಲಿ ಬರುವ ಹಗರಣದಲ್ಲಿ ನಾನಾ ವೇಷಗಳು ಒಂದರ ಹಿಂದೊಂದು ಸಾಗುತ್ತವೆ. ಅಧಿಕಾರದವರೂ ಊರಿನವರೂ ವಿಡಂಬನೆಗೆ ಗುರಿಯಾಗುತ್ತಾರೆ. ಹಾಡು, ಕುಣಿತ, ಹಾಸ್ಯ, ಅನುಕರಣೆ ನಾಲ್ಕೂ ಇಲ್ಲಿವೆ.

ಇವೆರಡರ ನಡುವಿನ ಅಂತರವನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಒಂದು, ಕಾಲ: ಸುಗ್ಗಿಯನ್ನು ನಿಯಂತ್ರಿಸುವುದು ಕೃಷಿಯ ಋತುಮಾನ, ಪ್ರಸಾರವನ್ನು ನಿಯಂತ್ರಿಸುವುದು ಗಡಿಯಾರ. ಎರಡು, ಪ್ರೇಕ್ಷಕ: ಹಗರಣದಲ್ಲಿ ನೋಡುವವನೇ ನಾಳೆ ವೇಷಕ್ಕೆ ವಸ್ತುವಾಗಬಲ್ಲ, ಪರದೆಯ ಮುಂದಿನವನಿಗೆ ಆ ಅಳುಕಿಲ್ಲ. ಮೂರು, ಟೀಕೆ: ಹಗರಣಕ್ಕೆ ಸಮುದಾಯ ನೀಡಿದ ಬಯ್ಯುವ ಹಕ್ಕು ಸರಕಾರಿ ಮಾಧ್ಯಮದ ಗೀತವೈವಿಧ್ಯಕ್ಕೆ ಇರಲಿಲ್ಲ.

ಹೆಂಗಸರ ಹಾಡಿನ ಪರಂಪರೆಯಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು; 2025ರಲ್ಲಿ ಅವರು ನಿಧನರಾದರು. ಮಾಧ್ಯಮಗಳು ಅವರನ್ನು ಹಾಡುಗಾರ್ತಿಯಾಗಿ ಬಿಂಬಿಸಿದವು. ಅದೇ ಸುಕ್ರಜ್ಜಿ ಸಾರಾಯಿ ವಿರೋಧಿ ಹೋರಾಟದಲ್ಲೂ ಮುಂದಿದ್ದರು. ಹಾಡನ್ನು ಬದುಕಿನಿಂದ ಬಿಡಿಸಿ ‘ಜನಪದ ಗೀತೆ’ ಎಂಬ ತಲೆಬರಹದಡಿ ಕೆಲವು ನಿಮಿಷಗಳಿಗೆ ಇಳಿಸಿದಾಗ ಈ ಎರಡನೆಯ ಮುಖ ಮರೆಯಾಗುತ್ತದೆ.

ಹೀಗಾಗಿ ದೂರದರ್ಶನದ ಚರಿತ್ರೆಯನ್ನು ಬರೆಯುವಾಗ ಪ್ರಸಾರವಾದುದನ್ನು ಮಾತ್ರವಲ್ಲ, ಪ್ರಸಾರದ ಚೌಕಟ್ಟಿಗೆ ಒಗ್ಗದೆ ಹೊರಗುಳಿದುದನ್ನೂ ಗಮನಿಸಬೇಕಾಗುತ್ತದೆ. ಕ್ಷೇತ್ರಕಾರ್ಯದಲ್ಲಿ ಹಾಡಿನ ಪಠ್ಯದೊಡನೆ ಅದರ ಹೊತ್ತು, ಅಂಗಳ, ಪ್ರತಿಹಾಡುವ ಮೇಳ ಇವು ದಾಖಲಾಗದಿದ್ದರೆ ಸ್ಟುಡಿಯೋ ಮಾಡಿದ ಲೋಪವನ್ನೇ ನಮ್ಮ ಸಂಶೋಧನೆಯೂ ಪುನರಾವರ್ತಿಸಿದಂತಾಗುತ್ತದೆ.