ಸಮಾಧಿ ಆರಾಧನೆಯಲ್ಲಿ ವಾದ್ಯ ಬಾರಿಸುವವನೂ ಅವನಿಗೆ ಬರುವ ವಂದನೆಯೂ

(ಓದತಕ್ಕ ಭಾಗಗಳು: ಲೂಕ 17:11–19, 2 ಅರಸು 5:15–27)

ನಮ್ಮ ಹಳ್ಳಿಯ ಸಭೆಗಳಲ್ಲಿ ಯಾರಾದರೂ ಕರ್ತನಲ್ಲಿ ನಿದ್ರೆಹೋದರೆ, ಉಪದೇಶಿಯನ್ನು ಕರೆಯಲು ಹೋದವನೇ ಹಾರ್ಮೋನಿಯಂ ಬಾರಿಸುವವನ ಮನೆಗೂ ಹೋಗುತ್ತಾನೆ. ಹೂಳಿ ಬಂದ ಮೇಲೆ ಮನೆಯವರು ಅವನ ಕೈಹಿಡಿದು ಕಣ್ಣೀರಿನಿಂದ ವಂದನೆ ಹೇಳುವದುಂಟು. ಆಗ ಅವನು ಏನು ಹೇಳತಕ್ಕದ್ದು? ಇದು ಅಲ್ಪ ಸಂಗತಿಯೆಂದು ಎಣಿಸಬೇಡಿರಿ.

ಸತ್ತವರಿಗಾಗಿ ಹಾಡುವದೂ ಬಾರಿಸುವದೂ ಹೊಸದಲ್ಲ. ಅರಸನಾದ ಯೋಷೀಯನು ಸತ್ತಾಗ ಪ್ರವಾದಿಯಾದ ಯೆರೆಮೀಯನು ಶೋಕಗೀತವನ್ನು ರಚಿಸಿದನು. ಗಾಯಕರೂ ಗಾಯಕಿಯರೂ ಅವನನ್ನು ನೆನೆದು ಹಾಡಿದರು. ಯಾಯೀರನ ಮನೆಯಲ್ಲಿ ಕೊಳಲೂದುವವರಿದ್ದರು. ಕರ್ತನು ಅವರನ್ನು ಹೊರಗೆ ಕಳುಹಿಸಿದ್ದು ಕೊಳಲನ್ನು ಹಗೆಮಾಡಿ ಅಲ್ಲ, ಹುಡುಗಿ ಏಳುವವಳಾಗಿದ್ದಳು. ಆದರೂ, ಗೋಳಾಡುತ್ತಿದ್ದ ಆ ಗುಂಪು ಆತನ ಮಾತು ಕೇಳಿದೊಡನೆ ನಗುವದಕ್ಕೆ ತೊಡಗಿತೆಂಬದನ್ನು ಗಮನಿಸಿರಿ. ಕೂಲಿಯ ಶೋಕವು ಅಂಥದೇ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ಅನೇಕರ ಹಿರಿಯರು ಊರಿನ ದೊಡ್ಡ ಮನೆಗಳ ಸಾವಿಗೆ ಹಲಗೆ ಬಡಿಯಬೇಕಾಗಿತ್ತು. ಬಾರೆನೆಂದರೆ ಬಿಡುವ ಹಾಗಿರಲಿಲ್ಲ. ಬಡಿದ ಮೇಲೆ ಹಿಡಿ ಕಾಳೋ ಹಳೆಯ ಬಟ್ಟೆಯೋ ದೂರದಿಂದ ಬೀಳುತ್ತಿತ್ತು. ವಂದನೆಯ ಮಾತು ಬರುತ್ತಿರಲಿಲ್ಲ. ಈ ಬಲವಂತವು ಅಳಿಯದ ಊರುಗಳು ಇಂದಿಗೂ ಉಂಟು. ಹಲಗೆಯಲ್ಲಿ ದೋಷವಿಲ್ಲ, ಬಲವಂತದಲ್ಲಿಯೇ ದೋಷ. ಅಂಥ ಮನೆತನದ ಮಗನು ಈಗ ಸ್ವಂತ ಮನಸ್ಸಿನಿಂದ ಬಾರಿಸುತ್ತಾನೆ. ದುಃಖಪಡುವವರು ಅವನ ಕೈಯನ್ನು ಮುಟ್ಟಿ ವಂದಿಸುತ್ತಾರೆ. ಇಂಥ ವಂದನೆಯನ್ನು ಅವನು ತಳ್ಳಿಬಿಡುವದು ಹೇಗೆ?

ಆದರೂ ತಳ್ಳುವವರಿದ್ದಾರೆ. ಗಂಡನನ್ನು ಹೂಳಿದ ಒಬ್ಬ ವೃದ್ಧೆಯು ಬಾರಿಸಿದ ಯೌವನಸ್ಥನಿಗೆ, “ಮಗನೇ, ಎರಡು ದಿನದಿಂದ ಕಲ್ಲಾಗಿದ್ದೆ, ನೀನು ಬಾರಿಸಿದಾಗ ಅಳು ಬಂತಪ್ಪಾ” ಅಂದಳು. ಅವನು, “ಅದರಲ್ಲೇನಿದೆ ಅಜ್ಜೀ, ಸುಮ್ಮನೆ ಬಾರಿಸಿದೆ” ಅಂದನು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ಅವನು ಅದನ್ನು ದೀನತೆ ಎಂದುಕೊಂಡಿದ್ದನು. ಆ ಅಜ್ಜಿಗೆ ಕೊಡುವದಕ್ಕೆ ಆ ಒಂದು ಮಾತಲ್ಲದೆ ಬೇರೇನೂ ಇರಲಿಲ್ಲ. ಅದನ್ನೂ ಅವನು ಬೇಡವೆಂದ ಹಾಗಾಯಿತು.

ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಸಮಾರ್ಯದವನೊಬ್ಬನೇ. ಕರ್ತನು ಅವನನ್ನು ಸುಮ್ಮನಿರೆಂದು ಹೇಳಲಿಲ್ಲ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ವಿಚಾರಿಸಿದನು. ಬೇಥಾನ್ಯದಲ್ಲಿ ಸ್ತ್ರೀಯು ತೈಲವನ್ನು ಹೊಯ್ದಾಗ ಶಿಷ್ಯರು ಗೊಣಗಿದರೂ ಆತನು ಅದನ್ನು ತನ್ನ ಹೂಣಿಡುವಿಕೆಗಾದ ಕಾರ್ಯವೆಂದು ಅಂಗೀಕರಿಸಿದನು. ಲುಸ್ತ್ರದಲ್ಲಿ ಪೌಲ ಬಾರ್ನಬರು ಬಟ್ಟೆ ಹರಿದುಕೊಂಡು ಜನರನ್ನು ತಡೆದರಲ್ಲಾ ಎಂದು ಯಾರಾದರೂ ಕೇಳಬಹುದು. ಅಲ್ಲಿ ಜನರು ಅವರನ್ನು ದೇವರುಗಳೆಂದು ಬಲಿಕೊಡಲು ಬಂದಿದ್ದರು. ಅಜ್ಜಿಯ ವಂದನೆಯು ಅಂಥದಲ್ಲ.

ಹಣದ ವಿಷಯವು ಬೇರೆ. ಎಲೀಷನು ನಾಮಾನನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಗೇಹಜಿಯು ಹಿಂದೆ ಓಡಿ ಎರಡು ತಲಾಂತು ಬೆಳ್ಳಿಯನ್ನೂ ಎರಡು ಜೊತೆ ವಸ್ತ್ರಗಳನ್ನೂ ಸುಳ್ಳು ಹೇಳಿ ಪಡೆದು ಕುಷ್ಠಿಯಾದನು. ಸಾವಿನ ಮನೆಯಲ್ಲಿ ಸಾಲ ಮೊದಲೇ ಆಗಿರುತ್ತದೆ. ದೂರದೂರಿನಿಂದ ದಿನದ ಕೂಲಿ ಬಿಟ್ಟು ಬಂದವನಿಗೆ ದಾರಿಖರ್ಚನ್ನು ಸಭೆಯೇ ಕೊಡತಕ್ಕದ್ದು.

ಬಾರಿಸುವವರಿಗೆ ಇನ್ನೊಂದು ಮಾತು. ಅಳುವವರ ಕಂಠವು ಮೇಲಕ್ಕೇರದು. ಆದಕಾರಣ ಭಾನುವಾರದ ಶ್ರುತಿಗಿಂತ ತಗ್ಗಿಸಿ ಹಿಡಿಯಿರಿ, ಮೆಲ್ಲಗೆ ಬಾರಿಸಿರಿ. ನಡುವೆ ಹಾಡುವವರ ಧ್ವನಿ ನಿಂತುಹೋದರೆ ನೀವು ನಿಲ್ಲಿಸಬೇಡಿರಿ. ಅವರು ಪುನಃ ಬಂದು ಸೇರುವ ತನಕ ರಾಗವನ್ನು ನಡಿಸುತ್ತಿರಿ. ಆಮೇಲೆ ಯಾರಾದರೂ ಕೈಹಿಡಿದರೆ, “ಅಮ್ಮಾ, ನಿಮ್ಮ ಸಂಗಡ ಅಳುವದಕ್ಕೇ ಬಂದೆನು” ಎಂದು ಹೇಳಿ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಬೇಡವೆಂದರೂ ಬಿಡದೆ ಹಣ ಕೊಟ್ಟರೆ ಅವರ ಕೈಯಿಂದಲೇ ಸಭೆಯ ಕಾಣಿಕೆಪೆಟ್ಟಿಗೆಯಲ್ಲಿ ಹಾಕಿಸಿರಿ. ಹಾರ್ಮೋನಿಯಮಿನ ತಿದಿ ಹರಿದಿದ್ದರೆ ಅದರಿಂದ ಸರಿಮಾಡಿಸಬಹುದು.