ದೂರದಿಂದ ನಡೆಸುವ ಕ್ಯಾಮರಾ: ಪಕ್ಷಿಪ್ರಿಯರಿಗೆ ಒಂದು ಪಾಠ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಿಂದಿನವರು ನೀರಾವರಿಗಾಗಿ ಕಟ್ಟಿಸಿದ ಈ ಕೆರೆಯು 98.76 ಹೆಕ್ಟೇರು ವಿಸ್ತಾರವುಳ್ಳದ್ದು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಆರಂಭದಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಗಳೊಡನೆ ರಾಮ್ಸಾರ್ ತಾಣವೆಂದು ಪ್ರಕಟವಾಗಿ ಲೋಕಮಾನ್ಯತೆಯನ್ನು ಪಡೆಯಿತು. 30,000ಕ್ಕೂ ಮಿಕ್ಕಿದ ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಇವುಗಳಲ್ಲಿ ಬಣ್ಣದ ಕೊಕ್ಕರೆಯೂ ಕರಿತಲೆಯ ಕೆಂಬರಲೂ ಮುಖ್ಯವಾದವು. ಇವುಗಳ ಚಿತ್ರವನ್ನು ತೆಗೆಯಬೇಕೆಂಬ ಆಶೆಯು ಮಕ್ಕಳಲ್ಲಿ ಹುಟ್ಟುವುದು ಸಹಜವೇ. ಚಿತ್ರವೂ ದೊರೆತು ಹಕ್ಕಿಯೂ ಸುಖವಾಗಿರುವುದು ಹೇಗೆಂಬುದೇ ಈ ಪಾಠದ ವಿಷಯ.

ಹತ್ತಿರ ಹೋದರೆ ಆಗುವ ಹಾನಿ

ಬಿಸಿಲೇರಿದಾಗ ಕೊಕ್ಕರೆಯ ತಾಯಿತಂದೆಗಳು ರೆಕ್ಕೆಗಳನ್ನು ಹರಡಿ ಮರಿಗಳಿಗೆ ನೆರಳಾಗುತ್ತವೆ. ಮನುಷ್ಯನು ಸಮೀಪಿಸಿದೊಡನೆ ಅವು ಹಾರಿಹೋಗುತ್ತವೆ. ಆ ಸ್ವಲ್ಪ ಹೊತ್ತಿನಲ್ಲಿಯೇ ನಮ್ಮ ಸೀಮೆಯ ಬಿಸಿಲು ಮರಿಗಳನ್ನು ಬಾಡಿಸಬಹುದು. ಕಾಗೆಯು ಮೊಟ್ಟೆಗಳನ್ನು ಕದಿಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗಳನ್ನೂ ಗೂಡುಗಳನ್ನೂ ಕದಲಿಸುವುದನ್ನು ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ. ಆದುದರಿಂದ ಕೈಯಲ್ಲಿ ಬಂದೂಕಿಲ್ಲವೆಂದ ಮಾತ್ರಕ್ಕೆ ನಾವು ನಿರಪರಾಧಿಗಳೆಂದು ತಿಳಿಯಕೂಡದು.

ಯಂತ್ರವು ಕೆಲಸಮಾಡುವ ಕ್ರಮ

ಈಗಿನ ಅನೇಕ ಡಿಜಿಟಲ್ ಕ್ಯಾಮರಾಗಳೊಳಗೆ ವೈಫೈ ಎಂಬ ಸಣ್ಣ ರೇಡಿಯೋ ಸಾಧನವಿರುತ್ತದೆ. ಅದನ್ನು ತೆರೆದರೆ ಕ್ಯಾಮರಾ ತಾನೇ ಒಂದು ಪುಟ್ಟ ನಿಲಯವಾಗಿ ಅಲೆಗಳನ್ನು ಹೊರಡಿಸುತ್ತದೆ. ಮೊಬೈಲು ಅಥವಾ ಟ್ಯಾಬ್ಲೆಟ್ಟು ಗುಪ್ತಪದವನ್ನು ಕೊಟ್ಟು ಅದರೊಡನೆ ಸೇರಿಕೊಳ್ಳುತ್ತದೆ. ಆ ಬಳಿಕ ಇದಕ್ಕೆ ಸಿಮ್ಮಾಗಲಿ ಇಂಟರ್ನೆಟ್ಟಾಗಲಿ ಬೇಕಿಲ್ಲ. ಟವರಿಲ್ಲದ ಹಳ್ಳಿಯಲ್ಲಿಯೂ ಕೆಲಸ ನಡೆಯುವುದು. ಆಯಾ ಕ್ಯಾಮರಾಕ್ಕೆ ತಕ್ಕ ಆಪನ್ನು ಮಾತ್ರ ಮನೆಯಲ್ಲಿಯೇ ಇಳಿಸಿಕೊಂಡಿರಬೇಕು. ಕ್ಯಾನನ್ನಿಗೆ ಕ್ಯಾಮರಾ ಕನೆಕ್ಟ್, ನಿಕಾನಿಗೆ ಸ್ನ್ಯಾಪ್‌ಬ್ರಿಡ್ಜ್ ಎಂಬವು ಇವೆ.

ಆಪು ತೆರೆದಾಗ ಕ್ಯಾಮರಾದ ಕಣ್ಣು ಕಂಡದ್ದೇ ಮೊಬೈಲಿನ ಪರದೆಯ ಮೇಲೆ ಮೂಡುತ್ತದೆ. ಬೆರಳಿನಿಂದ ಮುಟ್ಟಿ ಚಿತ್ರವನ್ನು ತೆಗೆಯಬಹುದು. ಹಲವು ಮಾದರಿಗಳಲ್ಲಿ ಫೋಕಸ್ಸನ್ನೂ ಬೆಳಕಿನ ಪ್ರಮಾಣವನ್ನೂ ಸರಿಪಡಿಸಬಹುದು. ಆದರೆ ಪರದೆಯ ಚಿತ್ರವು ಕ್ಷಣಮಾತ್ರ ತಡವಾಗಿ ಬರುವುದರಿಂದ ಹಾರುವ ಹಕ್ಕಿಗಿಂತ ಕುಳಿತ ಹಕ್ಕಿಗೇ ಈ ಕ್ರಮವು ಒಪ್ಪುವುದು. ಹತ್ತಿಪ್ಪತ್ತು ಮೀಟರಿನೊಳಗಿದ್ದರೆ ಸಂಬಂಧವು ಚೆನ್ನಾಗಿ ನಿಲ್ಲುವುದು. ನಡುವೆ ಗೋಡೆಯೋ ದಟ್ಟವಾದ ಗಿಡಗಳೋ ಬಂದರೆ ಅಲೆಗಳು ಕುಗ್ಗುತ್ತವೆ.

ಮನೆಯಲ್ಲಿ ಅಭ್ಯಾಸ

ಮೊದಲು ಅಂಗಳದಲ್ಲಿಯೇ ಕಲಿಯತಕ್ಕದ್ದು. ಮಣ್ಣಿನ ಬಟ್ಟಲಿನಲ್ಲಿ ನೀರಿಟ್ಟು, ಹಕ್ಕಿಗಳು ಬರುವುದಕ್ಕೆ ಮುಂಚೆಯೇ ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಬಟ್ಟಲಿನ ಅಂಚಿಗೆ ಫೋಕಸ್ ಮಾಡಿರಿ. ಬ್ಯಾಟರಿ ತುಂಬಿರಲಿ, ಏಕೆಂದರೆ ವೈಫೈ ಅದನ್ನು ಬೇಗ ಬರಿದುಮಾಡುವುದು. ಕ್ಯಾಮರಾ ತಾನಾಗಿ ಆರಿಹೋಗದಂತೆಯೂ ಸದ್ದುಮಾಡದಂತೆಯೂ ಮೊದಲೇ ಏರ್ಪಡಿಸಿರಿ, ಫ್ಲಾಶ್ ಬೇಡ. ಬಳಿಕ ಮನೆಯೊಳಗೆ ಕುಳಿತು ಕಾಯಿರಿ. ಗುಬ್ಬಿಯೋ ಗೊರವಂಕವೋ ನಿರ್ಭಯವಾಗಿ ನೀರು ಕುಡಿಯುವ ರೀತಿಯನ್ನು ಆಗ ಮಕ್ಕಳು ಕಾಣುವರು.

ಕೆರೆಯ ಬಳಿ ನಡತೆ

ಇಲ್ಲಿ ಮುಖ್ಯವಾದ ಒಂದು ಮಾತನ್ನು ಹೇಳಬೇಕಾಗಿದೆ. ಯಂತ್ರವು ದೂರದಿಂದ ನಡೆಯುವುದೆಂದು ಅದನ್ನು ಗೂಡಿನ ಬಳಿ ಇಟ್ಟುಬರುವುದು ಸಲ್ಲದು. ಇಡಲು ಒಮ್ಮೆ, ತೆಗೆಯಲು ಒಮ್ಮೆ ನಾವೇ ಅಲ್ಲಿಗೆ ಹೋಗಬೇಕಲ್ಲವೇ? ಎರಡು ಸಲವೂ ಹಕ್ಕಿಯು ಹೆದರುವುದು. ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಒಪ್ಪಿದ ಸ್ಥಳದಲ್ಲಿ ಮಾತ್ರ ಕ್ಯಾಮರಾ ನಿಲ್ಲಿಸತಕ್ಕದ್ದು. ಹಕ್ಕಿಯು ಕತ್ತೆತ್ತಿ ನಮ್ಮನ್ನೇ ದಿಟ್ಟಿಸಿದರೆ, ಅಷ್ಟಕ್ಕೇ ನಿಂತು ಹಿಂದೆ ಸರಿಯಿರಿ.

ನೆರೆಯ ಸಂಡೂರು ಸಂಸ್ಥಾನದಲ್ಲಿ 1942ರಿಂದ ಸೇವೆಯಲ್ಲಿದ್ದ ಮಾ. ಕೃಷ್ಣನ್ ಎಂಬ ಪ್ರಖ್ಯಾತ ಪ್ರಕೃತಿಜ್ಞರಿಗೆ ಇಂತಹ ಯಾವ ಅನುಕೂಲವೂ ಇರಲಿಲ್ಲ. ಆದರೂ ಕಪ್ಪುಬಿಳುಪು ಫಿಲ್ಮಿನಲ್ಲಿ ಅವರು ತೆಗೆದ ವನ್ಯಮೃಗಗಳ ಚಿತ್ರಗಳು ಇಂದಿಗೂ ಮಾನ್ಯವಾಗಿವೆ. ಅವರಿಗೆ ಒದಗಿಬಂದುದು ತಾಳ್ಮೆ.

ಪೋಷಕರೇ, ಮಕ್ಕಳ ಕೈಗೆ ಮೊಬೈಲು ಹೇಗೂ ಬಂದಿದೆ. ಅದನ್ನು ಹಿಡಿದು ದೂರದಲ್ಲಿ ಸುಮ್ಮನೆ ಕುಳಿತು ಮತ್ತೊಂದು ಜೀವವನ್ನು ನೋಡುವ ಅಭ್ಯಾಸವನ್ನು ನೀವು ಮಾಡಿಸಿದಲ್ಲಿ ಆ ಯಂತ್ರವೂ ಒಂದು ಪಾಠಪುಸ್ತಕವಾಗುವುದು. ಚಿತ್ರವಿಲ್ಲದೆ ಮನೆಗೆ ಮರಳುವ ದಿನಗಳೂ ಬರುವುವು. ಗೂಡಿನಲ್ಲಿ ಮರಿಗಳು ಕ್ಷೇಮವಾಗಿದ್ದರೆ ಆ ದಿನವೂ ವ್ಯರ್ಥವಲ್ಲವೆಂದು ಅವರಿಗೆ ತಿಳಿಸಿಕೊಡಿರಿ.